ಹಜಾರ ತೆರವಾದ ಮೇಲೆ

ಎರಡನೆಯ ತುತ್ತಿಗೇ ಜ್ಞಾನರಾಜನ ಹಲ್ಲಿಗೆ ಕಲ್ಲು ಸಿಕ್ಕಿತು. ಅವನು ಅದನ್ನು ತೆಗೆದು ತಟ್ಟೆಯ ಅಂಚಿಗಿಟ್ಟ.

“ಇವತ್ತೂನಾ?” ಎಂದಳು ಹೆಂಡತಿ ಫ್ಲಾರೆನ್ಸ್.

“ಹೋಗ್ಲಿ ಬಿಡು.”

“ಏನ್ ಹೋಗ್ಲಿ? ಅತ್ತೆಗೆ ನಾನು ಹೇಳಿರೋದು ಅದೊಂದೇ ಕೆಲ್ಸ. ಬೆಳಿಗ್ಗೆಯೆಲ್ಲ ಮೊರ ಮುಂದಿಟ್ಕೊಂಡು ಕೂತಿರ್ತಾರೆ. ಆರಿಸಿದ ಅಕ್ಕೀಲೂ ಕಲ್ಲು ಇದ್ರೆ ಏನರ್ಥ?”

ಗೋಡೆ ಪಕ್ಕದ ಉದ್ದ ಬೆಂಚಿನ ಮೇಲೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಜೀವರತ್ನಮ್ಮ, “ಅಂಗಡಿಯೋನೇ ಬೆರೆಸ್ತಾನಮ್ಮ, ನಾನೇನ್ ಮಾಡ್ಲಿ,” ಎಂದರು. ಅವರ ಬೆರಳು ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದು ತಡಕುತ್ತಿತ್ತು. ಮೊಮ್ಮಗಳು ಬೆನಿಟಾ ಎದ್ದು ಬಂದು ಪಲ್ಯವನ್ನು ಅಜ್ಜಿಯ ಬೆರಳಿನ ಹತ್ತಿರಕ್ಕೆ ಸರಿಸಿ, ಏನೂ ಆಗದವಳ ಹಾಗೆ ಹೋಗಿ ಕೂತಳು. ಫ್ಲಾರೆನ್ಸ್ ಅದನ್ನು ಗಮನಿಸಲಿಲ್ಲ. ಸಂಜೆಯ ಚರ್ಚಿನ ಕೂಟಕ್ಕೆ ಹೊತ್ತಾಗುತ್ತದೆಂದು ಅವಳು ಗಡಿಯಾರದ ಕಡೆ ನೋಡುತ್ತಿದ್ದಳು.

ಅದು 2004ರ ಫೆಬ್ರವರಿ ಕೊನೆ. ತುಮಕೂರಿನ ಚರ್ಚ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಅವರದು ಹಳೆಯ ಹೆಂಚಿನ ಮನೆ. ಬೀದಿಯ ಕಡೆಗೆ ಜೀವರತ್ನಮ್ಮನ ಕೋಣೆ, ಅಲ್ಲಿಂದ ಉದ್ದನೆಯ ಹಜಾರ, ಹಜಾರದ ಕೊನೆಗೆ ಅಡಿಗೆಮನೆ ಮತ್ತು ಹಿತ್ತಿಲ ಬಾಗಿಲು. ಕಕ್ಕಸು ಹಿತ್ತಿಲಲ್ಲಿತ್ತು. ಬಾಗಿಲು ದಾಟಿ ಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕು. ಹಜಾರದ ಒಂದು ಗೋಡೆಯುದ್ದಕ್ಕೂ ಸಾಮಾನುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮೊದಲು ಬೆಂಚು, ಆಮೇಲೆ ಜಾಲರಿ ಬೀರು, ಹೊಲಿಗೆ ಮೆಷಿನ್, ಒಂದರ ಮೇಲೊಂದು ಏರಿಸಿದ ಟ್ರಂಕುಗಳು, ಹಿತ್ತಿಲ ಬಾಗಿಲ ಬಳಿ ನೀರು ತುಂಬಿಡುವ ಕಬ್ಬಿಣದ ಡ್ರಮ್ಮು. ಬೆಂಚು ಬೀರು ಎರಡನ್ನೂ ಮಾಡಿದವರು ಜೀವರತ್ನಮ್ಮನ ಗಂಡ. ಬಡಗಿಯಾಗಿದ್ದ ಅವರು ತೀರಿಕೊಂಡು ಗುಬ್ಬಿಯ ಸಮಾಧಿ ತೋಟದಲ್ಲಿ ಮಲಗಿ ಬಹಳ ವರ್ಷವಾಗಿತ್ತು. ಜೀವರತ್ನಮ್ಮ ಗುಬ್ಬಿಯಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗಿನ ಅಡಿಗೆಯವರಾಗಿ ಬೇಯಿಸಿ ಬಡಿಸಿ ನಿವೃತ್ತರಾದವರು.

ಜ್ಞಾನರಾಜ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಫ್ಲಾರೆನ್ಸ್ ಖಾಸಗಿ ಶಾಲೆಯಲ್ಲಿ ಟೀಚರ್. ಶಾಲೆ ಮುಗಿದರೆ ಮನೆಪಾಠ, ಅದು ಮುಗಿದರೆ ಚರ್ಚಿನ ಸ್ತ್ರೀಯರ ಕೂಟ. ಕೂಟಕ್ಕೆ ಅವಳೇ ಕಾರ್ಯದರ್ಶಿ. ಶನಿವಾರ ಗಾಯನ ತಂಡದ ಅಭ್ಯಾಸ, ಭಾನುವಾರ ಮಕ್ಕಳ ಸಂಡೇಸ್ಕೂಲು. ಅವಳು ಮನೆಯಲ್ಲಿ ಕೂತದ್ದನ್ನು ನೋಡಿದವರು ಕಡಿಮೆ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಲೆಂಟ್ ಕಾಲದ ಮೊದಲ ಭಾನುವಾರ ಚರ್ಚಿನ ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಮನೆಗಳ ವಿಷಯ ಎತ್ತಿದ್ದರು. “ಉಪವಾಸ ಅಂದ್ರೆ ಮಧ್ಯಾಹ್ನ ಬಿಟ್ಟು ರಾತ್ರಿ ಎರಡರಷ್ಟು ತಿನ್ನೋದಲ್ಲ. ನಿಮ್ಮ ಮನೆಯನ್ನೊಮ್ಮೆ ತಿರುಗಿ ನೋಡಿ. ಇವತ್ತು ಕರ್ತನು ಬಾಗಿಲು ತಟ್ಟಿದರೆ ಕೂರಿಸೋಕೆ ಜಾಗ ಇದೆಯಾ? ಕುರ್ಚಿ ಮೇಲೆ ಬಟ್ಟೆ, ಮಂಚದ ಕೆಳಗೆ ಟ್ರಂಕು, ಅಟ್ಟದ ಮೇಲೆ ಯಾರೂ ಮುಟ್ಟದ ಪಾತ್ರೆ. ನಿಜವಾಗಿ ಬೇಕಾದದ್ದು ಯಾವುದು ಅಂತ ಕೇಳಿಕೊಳ್ಳಿ. ಮಿಕ್ಕದ್ದನ್ನು ಇಲ್ಲದವರಿಗೆ ಕೊಡಿ.”

ಫ್ಲಾರೆನ್ಸಿಗೆ ಅದು ತನ್ನನ್ನೇ ನೋಡಿ ಹೇಳಿದ ಹಾಗಿತ್ತು. ಅವಳು ಮಾತು ಕೇಳಿ ಮರೆಯುವ ಹೆಂಗಸಲ್ಲ. ಅದೇ ವಾರ ತನ್ನ ಬೀರುವಿನಿಂದಲೇ ಶುರು ಮಾಡಿದಳು. ಮದುವೆಯಲ್ಲಿ ತವರಿನವರು ಕೊಟ್ಟ ರೇಷ್ಮೆ ಸೀರೆ, ಗಾಜಿನ ಶೋಕೇಸು, ಅದರೊಳಗಿದ್ದ ಟೀ ಸೆಟ್ಟು, ಇನ್ನೂ ಸ್ಟಿಕ್ಕರ್ ಹೋಗದ ಸ್ಟೀಲು ಡಬ್ಬಿಗಳು, ಎಲ್ಲವನ್ನೂ ತೆಗೆದಳು. ಟೀ ಸೆಟ್ಟನ್ನು ಕಾಗದದಲ್ಲಿ ಸುತ್ತುವಾಗ ಅವಳ ಕಣ್ಣಲ್ಲಿ ನೀರಿತ್ತು. ಆದರೂ ನಿಲ್ಲಿಸಲಿಲ್ಲ. ಜ್ಞಾನರಾಜ ತನ್ನ ಕೆಟ್ಟುಹೋದ ಟೇಪ್ ರೆಕಾರ್ಡರ್ ಕೊಟ್ಟ. ಬೆನಿಟಾ ಹಳೆಯ ಶೂ ಕೊಟ್ಟಳು.

ತನ್ನದೆಲ್ಲ ಮುಗಿದ ಮೇಲೆ ಫ್ಲಾರೆನ್ಸಿನ ಕಣ್ಣು ಹಜಾರದ ಮೇಲೆ ಬಿತ್ತು.

“ಅತ್ತೆ, ಈ ಬೆಂಚನ್ನ ಸಂಡೇಸ್ಕೂಲಿಗೆ ಕೊಟ್ಬಿಡೋಣ. ಅಲ್ಲಿ ಮಕ್ಕಳು ನೆಲದ ಮೇಲೆ ಕೂತ್ಕೋತಾವೆ.”

“ನಾನೆಲ್ಲಿ ಕೂತ್ಕೊಳ್ಲಿ?”

“ಪ್ಲಾಸ್ಟಿಕ್ ಕುರ್ಚಿ ಇದ್ಯಲ್ಲ.”

“ಅದು ಒಂದ್ ಜಾಗದಲ್ಲಿ ಇರಲ್ಲ ಕಣಮ್ಮ. ಯಾರಾದ್ರೂ ಎಳೀತಿರ್ತಾರೆ.”

“ಒಂದು ಬೆಂಚಿಗೆ ಇಷ್ಟು ಆಸೆ ಯಾಕತ್ತೆ? ಮಾವ ಮಾಡಿದ್ದು ಅಂತ ನಂಗೂ ಗೊತ್ತು. ಚರ್ಚಲ್ಲಿದ್ರೆ ಅವ್ರ ಹೆಸರೂ ಇರುತ್ತೆ.”

ಜೀವರತ್ನಮ್ಮ ಬೆಂಚಿನ ಅಂಚನ್ನು ಅಂಗೈಯಿಂದ ಉಜ್ಜುತ್ತ ಕೂತರು. ಒಳಗೆ ಓದುತ್ತಿದ್ದ ಬೆನಿಟಾ ಬಾಗಿಲಿಗೆ ಬಂದು, “ಮಮ್ಮಿ, ಬೆಂಚು ಇರ್ಲಿ. ಹಜಾರದ್ದೇನೂ ತೆಗೀಬೇಡಿ,” ಎಂದಳು.

“ನಿಂಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಣೇ. ನಿನ್ನ ಗಣಿತ ನೋಡ್ಕೊ ಹೋಗು.”

ಬೆನಿಟಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ತಲೆಯಾಡಿಸಿ ಬೇಡವೆಂದರು. ಹುಡುಗಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ ಫ್ಲಾರೆನ್ಸ್ ಗಂಡನ ಮುಂದೆ ಇನ್ನೊಂದು ಮಾತು ತೆಗೆದಳು.

“ರೀ, ಬೆನಿಟಾ ಪರೀಕ್ಷೆ ಮುಗಿಯೋವರ್ಗೂ ಅತ್ತೆ ಕುಣಿಗಲ್ಲಲ್ಲಿ ನಿಮ್ಮಣ್ಣನ ಮನೇಲಿರ್ಲಿ. ಮೊನ್ನೆ ಕಾಫಿ ಲೋಟ ಉರುಳಿಸಿದ್ರು. ನೆನ್ನೆ ಸಾರಿಗೆ ಎರಡು ಸಲ ಉಪ್ಪು. ಹೇಳಿದ್ರೆ ಮುನಿಸು. ನಂಗೆ ಬೇಕಂತ್ಲೇ ಮಾಡ್ತಾರೇನೋ ಅನ್ಸುತ್ತೆ.”

“ಸರಳ ಅತ್ತಿಗೆ ಒಪ್ಪಲ್ಲ ಕಣೇ. ಹೋದ್ಸಲ ವರಾಂಡದಲ್ಲಿ ಮಲಗ್ಸಿದ್ರಂತೆ.”

“ಹಂಗಾದ್ರೆ ಎಲ್ಲಾ ನಾನೊಬ್ಳೇ ನೋಡ್ಕೋಬೇಕಾ?”

“ನಾನು ಹಂಗಂದ್ನಾ? ಕೇಳ್ತೀನಿ ಇರು.”

ಅವನು ಕೇಳಲಿಲ್ಲ. ಕೇಳುತ್ತೇನೆ ಅನ್ನುವುದೇ ಅವನ ಅಭ್ಯಾಸ. ಆದರೆ ಹಜಾರದಲ್ಲಿ ಮೊರ ಹಿಡಿದು ಕೂತಿದ್ದ ಜೀವರತ್ನಮ್ಮನಿಗೆ ಅಷ್ಟೂ ಮಾತು ಕೇಳಿಸಿತ್ತು.

ಸಾಮಾನು ಹೋದದ್ದು ಮಾರ್ಚ್ ಎರಡನೆಯ ಶನಿವಾರ. ಬೆಂಚನ್ನು ಚರ್ಚಿನ ಹುಡುಗರು ಹೊತ್ತುಕೊಂಡು ಹೋದರು. ಹೊಲಿಗೆ ಮೆಷಿನ್ ಕೂಟದವರು ನಡೆಸುವ ಹೊಲಿಗೆ ತರಗತಿಗೆ ಹೋಯಿತು. ಬೀರು, ಟ್ರಂಕು, ಡ್ರಮ್ಮಿಗೆ ಗುಜರಿಯ ಮುಖ್ತಾರ್ ಅಹಮದ್ ಗಾಡಿ ತಂದಿದ್ದ. ಅವನು ಒಳಗೆ ಬಂದಾಗ ಜೀವರತ್ನಮ್ಮ ಬೀರುವಿನ ಬಾಗಿಲಿಗೆ ಕೈಯಿಟ್ಟು ನಿಂತಿದ್ದರು.

“ದೊಡ್ಡಮ್ಮ ಬೇಡ ಅಂತಾವ್ರೇನು ಮೇಡಂ? ಆಮೇಲೆ ಜಗಳ ಆಗೋದು ಬೇಡ,” ಎಂದ ಅವನು.

“ಇಲ್ಲ, ತಗೊಂಡ್ ಹೋಗಿ. ಅತ್ತೆ, ಸ್ವಲ್ಪ ಜರುಗಿ.”

“ಡ್ರಮ್ಮಾದ್ರೂ ಬುಡಮ್ಮ. ಹಿತ್ಲ ಬಾಗ್ಲಲ್ಲಿ ಇರ್ಲಿ.”

“ತಳ ತೂತಾಗಿದೆ ಅತ್ತೆ. ಸೊಳ್ಳೆ ಮನೆ ಆಗಿದೆ ಅದು.”

“ಇದ್ರೆ ಇರ್ಲಿ ಅಂತೀನಿ.”

“ಯಾಕೆ ಅಂತ ಹೇಳಿ. ಒಂದು ಕಾರಣ ಹೇಳಿ, ಬಿಡ್ತೀನಿ.”

ಜೀವರತ್ನಮ್ಮ ತುಟಿ ತೆರೆದರು. ಕುಣಿಗಲ್ಲಿನ ವರಾಂಡ ನೆನಪಾಗಿರಬೇಕು. ಬಾಯಿ ಮುಚ್ಚಿಕೊಂಡು ಗೋಡೆಗೆ ಬೆನ್ನು ಹಚ್ಚಿ ತಮ್ಮ ಕೋಣೆಗೆ ಹೋಗಿಬಿಟ್ಟರು.

ಸಂಜೆ ಫ್ಲಾರೆನ್ಸ್ ಹಜಾರವನ್ನು ಸೋಪು ನೀರು ಹಾಕಿ ತೊಳೆದಳು. ಸಾಮಾನು ನಿಂತಿದ್ದ ಕಡೆ ನೆಲ ಬೇರೆಯೇ ಬಣ್ಣದಲ್ಲಿತ್ತು. ಅಷ್ಟು ವರ್ಷ ಮುಚ್ಚಿದ್ದ ಕಿಟಕಿಯೊಂದು ತೆರೆದು ಗಾಳಿ ಬಂತು. ಕೂಟದ ಅಧ್ಯಕ್ಷೆ ವಯೊಲೆಟ್ ಆಂಟಿ ನೋಡಲು ಬಂದು, “ಒಳ್ಳೆ ಪ್ರಾರ್ಥನಾ ಮಂದಿರ ಆದಂಗಾಯ್ತು ಕಣೇ ಫ್ಲಾರೆನ್ಸ್. ಶುಭ ಶುಕ್ರವಾರದ ಆರಾಧನೇಲಿ ಈ ಸಲ ನೀನೂ ಮಾತಾಡ್ಬೇಕು. ಅಯ್ಯನೋರಿಗೆ ನಾನೇ ಹೇಳ್ತೀನಿ,” ಎಂದರು. ಯೇಸು ಶಿಲುಬೆಗೇರಿದ ಆ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಡೆಯುವ ಆರಾಧನೆಯಲ್ಲಿ ಧ್ಯಾನದ ಮಾತು ಹೇಳುವುದು ಚರ್ಚಿನಲ್ಲಿ ದೊಡ್ಡ ಮರ್ಯಾದೆ. ಫ್ಲಾರೆನ್ಸ್ ಬೇಡವೆಂದಳು, ಆಮೇಲೆ ಆಗಲಿ ಎಂದಳು.

ಆವತ್ತಿನಿಂದ ಜೀವರತ್ನಮ್ಮ ಕೋಣೆ ಬಿಟ್ಟು ಹೊರಗೆ ಬರುವುದನ್ನು ನಿಲ್ಲಿಸಿದರು.

“ಊಟಕ್ಕೆ ಬನ್ನಿ ಅತ್ತೆ.”

“ಇಲ್ಲೇ ತಂದ್ಕೊಡು.”

“ಇನ್ನೂ ಕೋಪಾನಾ? ಮನೆ ಎಷ್ಟು ಚೆನ್ನಾಗಿದೆ, ಬಂದು ನೋಡಬಾರದಾ?”

“ನೋಡಿದ್ದೀನಿ.”

ಅವರು ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಕಾಫಿ ಅರ್ಧ ಲೋಟ ಸಾಕೆಂದರು, ಮಜ್ಜಿಗೆ ಬೇಡವೆಂದರು. ತುಮಕೂರಿನ ಮಾರ್ಚ್ ಬಿಸಿಲಿಗೆ ಹೆಂಚು ಕಾದು ಕೋಣೆ ಒಲೆಯಾಗಿದ್ದರೂ ಹೂಜಿಯ ನೀರು ಹಾಗೇ ಇರುತ್ತಿತ್ತು. ಅದರ ಕಾರಣ ಗೊತ್ತಿದ್ದವಳು ಬೆನಿಟಾ ಒಬ್ಬಳೇ.

ಬೆಳಗಿನ ಜಾವ ಅಮ್ಮ ಸ್ನಾನಕ್ಕೆ ಹೋದಾಗ ಬೆನಿಟಾ ಅಜ್ಜಿಯ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಸಂಜೆ ಅಮ್ಮ ಕೂಟಕ್ಕೆ ಹೋದ ಮೇಲೆ ಇನ್ನೊಂದು ಸಲ. ಅಜ್ಜಿಗೆ ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನಲ್ಲಿ ಬೆಳಕು ಎಲ್ಲಿದೆ ಅನ್ನುವಷ್ಟು ಮಾತ್ರ ಉಳಿದಿತ್ತು. ಹಜಾರದಲ್ಲಿ ಅವರು ಇಷ್ಟು ದಿನ ಓಡಾಡಿದ್ದು ಕೈಯಿಂದ. ಬೆಂಚು ಮುಗಿದ ಕಡೆ ಬೀರು, ಬೀರು ಮುಗಿದ ಕಡೆ ಮೆಷಿನ್, ಡ್ರಮ್ಮು ಸಿಕ್ಕಿದರೆ ಮೆಟ್ಟಿಲು ಬಂತು ಎಂದು ಅವರಿಗೆ ಗೊತ್ತಾಗುತ್ತಿತ್ತು.

“ಅಜ್ಜಿ, ನಾನು ಮಮ್ಮಿಗೆ ಹೇಳ್ತೀನಿ. ಡಾಕ್ಟ್ರ ಹತ್ರ ಹೋದ್ರೆ ಕಣ್ಣು ಬರುತ್ತೆ.”

“ನನ್ನಾಣೆ, ಹೇಳ್ಬೇಡ ಮಗಳೇ. ಕಣ್ಣಿಲ್ದಿರೋ ಮುದುಕೀನ ಯಾರು ಮಡಿಕ್ಕೋತಾರೆ? ನೆಟ್ಟಗೆ ಕುಣಿಗಲ್ಲಿಗೆ ಕಳಿಸ್ತಾರೆ. ಅಲ್ಲಿ ಕೇಳೋರಿಲ್ಲ.”

“ಮಮ್ಮಿ ಹಂಗೆ ಮಾಡಲ್ಲ.”

“ನಿಮ್ಮಮ್ಮ ಕೆಟ್ಟೋಳಲ್ಲ. ಅವ್ಳಿಗೆ ಹೊತ್ತಿಲ್ಲ ಅಷ್ಟೆ. ಇರೋ ಕೆಲ್ಸಕ್ಕೇ ಹೊತ್ತಿಲ್ದೋಳಿಗೆ ನಾನೊಂದು ಕೆಲ್ಸ ಆಗ್ಬೇಕಾ? ನಿನ್ನ ಪರೀಕ್ಷೆ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ.”

ಪರೀಕ್ಷೆ ಶುರುವಾಯಿತು. ಗಣಿತದ ದಿನ ಜ್ಞಾನರಾಜನಿಗೆ ಫಸ್ಟ್ ಶಿಫ್ಟು. ಅವನು ಬೆಳಗಾಗುವ ಮೊದಲೇ ಸ್ಕೂಟರ್ ಹತ್ತಿ ಹೋದ. ಕೂಟದವರು ಒಟ್ಟು ಮಾಡಿದ ಬಟ್ಟೆ, ಪಾತ್ರೆಗಳನ್ನು ಗುಬ್ಬಿಯ ಆಚೆಯ ಒಂದು ಕೇರಿಯಲ್ಲಿ ಹಂಚುವ ಕಾರ್ಯಕ್ರಮ ಅದೇ ದಿನವಿತ್ತು. ಫ್ಲಾರೆನ್ಸ್ ಶಾಲೆಗೆ ರಜೆ ಹಾಕಿ, ಟೊಮೊಟೊ ಬಾತು ಕಲಸಿ, ಅತ್ತೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ತಟ್ಟೆ ಮುಚ್ಚಿಟ್ಟು ಹೊರಟಳು.

“ಸಾಯಂಕಾಲ ಬರ್ತೀನಿ ಅತ್ತೆ. ಗುಬ್ಬೀಲಿ ಮಾವನ ಸಮಾಧಿ ಹತ್ರ ಹೋಗಿ ಬರ್ತೀನಿ.”

“ಒಂದು ಹೂ ಇಟ್ಟು ಬಾ,” ಎಂದರು ಜೀವರತ್ನಮ್ಮ.

ಬೆನಿಟಾ ಹೊರಡುವ ಮೊದಲು ಅಜ್ಜಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಂದು, “ನಾನು ಬರೋವರ್ಗೂ ಏಳ್ಬೇಡಿ ಅಜ್ಜಿ,” ಎಂದಳು. ಅವಳು ಬರುವುದು ತಡವಾಯಿತು. ಪರೀಕ್ಷೆ ಮುಗಿದ ಮೇಲೆ ಗೆಳತಿಯರು ಉತ್ತರ ಹೋಲಿಸುತ್ತ ನಿಂತರು, ಅವಳೂ ನಿಂತಳು.

ಮಧ್ಯಾಹ್ನದ ಹೊತ್ತು ಪಕ್ಕದ ಮನೆಯ ಸಿದ್ದಲಕ್ಷ್ಮಮ್ಮ ಬಟ್ಟೆ ಒಣಹಾಕಲು ಹಿತ್ತಿಲಿಗೆ ಬಂದವಳು ಗೋಡೆಯಾಚೆ ನರಳುವ ಸದ್ದು ಕೇಳಿದಳು. ಕಲ್ಲಿನ ಮೇಲೆ ಹತ್ತಿ ನೋಡಿದರೆ, ಮೆಟ್ಟಿಲ ಕೆಳಗೆ ಜೀವರತ್ನಮ್ಮ ಒಂದು ಕಾಲು ಮಡಿಸಿಕೊಂಡು ಬಿದ್ದಿದ್ದರು. ಸೀರೆ ನೆನೆದಿತ್ತು. ಬಿಸಿಲು ನೇರ ಮುಖದ ಮೇಲೆ ಹೊಡೆಯುತ್ತಿತ್ತು.

“ಅಯ್ಯೋ ಅಮ್ಮ, ಎಷ್ಟೊತ್ತಾಯ್ತು ಬಿದ್ದು? ಕೂಗ್ಬಾರ್ದಿತ್ತಾ?”

“ಕೂಗ್ದೆ ಕಣಮ್ಮ. ಮೊದ್ಲು ಈ ಸೀರೆ ಬದಲಾಯ್ಸು. ಗಂಡಸರು ಬರೋಕ್ಮುಂಚೆ.”

ಸಿದ್ದಲಕ್ಷ್ಮಮ್ಮನ ಮಗ ವರ್ಕ್‌ಶಾಪಿಗೆ ಫೋನು ಮಾಡಿದ. ಜ್ಞಾನರಾಜ ಎಣ್ಣೆ ಕೈಯಲ್ಲೇ ಬಂದು, ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದ.

ಫ್ಲಾರೆನ್ಸ್ ಗುಬ್ಬಿಯಿಂದ ಸಂಜೆಯ ಬಸ್ಸಿಗೆ ಬಂದಳು. ಕೇರಿಯ ಹೆಂಗಸರು ಅವಳ ಕೈ ಹಿಡಿದುಕೊಂಡಿದ್ದರು, ಕಣ್ಣಿಗೊತ್ತಿಕೊಂಡಿದ್ದರು. ಸಮಾಧಿಯ ಮೇಲೆ ಕನಕಾಂಬರ ಇಟ್ಟು ಬಂದಿದ್ದಳು. ಮನೆಯ ಬಾಗಿಲಿಗೆ ಬೀಗವಿತ್ತು. ಬೆನಿಟಾ ಯೂನಿಫಾರಂನಲ್ಲೇ ಸಿದ್ದಲಕ್ಷ್ಮಮ್ಮನ ಜಗಲಿಯಲ್ಲಿ ಕೂತಿದ್ದಳು. ತಾಯಿಯನ್ನು ನೋಡಿ ಎದ್ದವಳೇ ಹೇಳಿಬಿಟ್ಟಳು.

“ಅಜ್ಜಿಗೆ ಕಣ್ಣು ಕಾಣಲ್ಲ ಮಮ್ಮಿ. ಬಾಳ ದಿನದಿಂದ ಕಾಣಲ್ಲ. ಹಜಾರದ ಸಾಮಾನು ಹಿಡ್ಕೊಂಡು ಹೋಗ್ತಿದ್ರು.”

ಫ್ಲಾರೆನ್ಸ್ ಅವಳ ಕೆನ್ನೆಗೆ ಹೊಡೆದಳು. “ಹೇಳೋಕೆ ಏನಾಗಿತ್ತು ನಿಂಗೆ?”

“ಅಜ್ಜಿ ಆಣೆ ಹಾಕಿದ್ರು. ನೀವು ಕುಣಿಗಲ್ಲಿಗೆ ಕಳಿಸ್ತೀರ ಅಂತ. ನಾನು ತೆಗೀಬೇಡಿ ಅಂದೆ. ನೀವು ಗಣಿತ ನೋಡ್ಕೊ ಅಂದ್ರಿ.”

ಸಿದ್ದಲಕ್ಷ್ಮಮ್ಮ ಹುಡುಗಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಫ್ಲಾರೆನ್ಸ್ ಜಗಲಿಯ ಮೇಲೆ ಕೂತುಬಿಟ್ಟಳು. ಹೊಡೆದ ಕೈಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು.

ತೊಡೆಯ ಮೂಳೆ ಸೊಂಟದ ಬಳಿ ಮುರಿದಿತ್ತು. ಸಕ್ಕರೆ ಕಾಯಿಲೆ ವಿಪರೀತ ಏರಿದೆ, ಅದರಿಂದಲೇ ಕಣ್ಣು ಹೋಗಿದೆ, ಎದೆಯೂ ದುರ್ಬಲ, ಈ ಸ್ಥಿತಿಯಲ್ಲಿ ಆಪರೇಷನ್ ಮಾಡಿದರೆ ಟೇಬಲ್ ಮೇಲೇ ಹೋಗಬಹುದು ಎಂದರು ಡಾಕ್ಟರು. ಕಣ್ಣಿನ ಡಾಕ್ಟರು ಬಂದು ಟಾರ್ಚು ಹಾಕಿ ನೋಡಿ, “ಒಂದೆರಡು ವರ್ಷ ಮೊದಲೇ ತೋರಿಸಿದ್ದರೆ ಏನಾದರೂ ಮಾಡಬಹುದಿತ್ತು,” ಎಂದರು. ಕಾಲಿಗೆ ತೂಕ ಕಟ್ಟಿ ಒಂದು ವಾರ ವಾರ್ಡಿನಲ್ಲಿಟ್ಟುಕೊಂಡು, ಇನ್ನು ಮನೆಯಲ್ಲೇ ಹೀಗೇ ಮಲಗಿಸಿ ನೋಡಿಕೊಳ್ಳಿ ಎಂದು ಕಳಿಸಿದರು. ಮತ್ತೆ ನಡೆಯುತ್ತಾರಾ ಎಂದು ಜ್ಞಾನರಾಜ ಕೇಳಿದ. ಡಾಕ್ಟರು ಅವನ ಭುಜ ಮುಟ್ಟಿ ಮುಂದಿನ ಮಂಚಕ್ಕೆ ಹೋದರು.

ಮನೆಗೆ ತಂದ ದಿನ ಕುಣಿಗಲ್ಲಿನಿಂದ ದೊಡ್ಡ ಮಗ ಸಾಲೊಮನ್ ಬಂದ. ಮಾರ್ಕೋನಹಳ್ಳಿ ಜಲಾಶಯದ ಕಚೇರಿಯಲ್ಲಿ ಅವನು ಗುಮಾಸ್ತ. ಒಂದು ಚೀಲ ತೆಂಗಿನಕಾಯಿ ತಂದಿದ್ದ. ತಾಯಿಯ ಹಣೆ ಮುಟ್ಟಿ ಅತ್ತ. ಊಟಕ್ಕೆ ಕೂತ ಮೇಲೆ ಸ್ವರ ಬದಲಾಯಿತು.

“ಇಷ್ಟು ದಿನ ಜೊತೇಲಿದ್ದು ಕಣ್ಣು ಕಾಣಲ್ಲ ಅಂತ ಗೊತ್ತಾಗ್ಲಿಲ್ವೇನೋ ನಿಂಗೆ?”

“ನಿನ್ನ ಮನೇಲೂ ಇದ್ರಲ್ಲ ನಾಲ್ಕ್ ತಿಂಗ್ಳು. ನಿಂಗೆ ಗೊತ್ತಾಯ್ತಾ?” ಎಂದ ಜ್ಞಾನರಾಜ.

“ನಮ್ಮನೇಲಿದ್ದಾಗ ಬೀಳ್ಲಿಲ್ಲ. ಸಾಮಾನೆಲ್ಲ ದಾನ ಮಾಡಿ ಹೆಸ್ರು ತಗೊಂಡೋರು ನಿನ್ನ ಹೆಂಡ್ತಿ.”

“ವರಾಂಡದಲ್ಲಿ ಬೀಳೋಕೆ ಜಾಗ ಎಲ್ಲಿತ್ತು?”

“ಮಾತು ನೋಡ್ಕೊಂಡಾಡು. ಕರ್ಕೊಂಡು ಹೋಗ್ಲಾ ಈಗ್ಲೇ? ಹೇಳು. ಕರ್ಕೊಂಡು ಹೋಗ್ತೀನಿ.”

“ಕರ್ಕೊಂಡು ಹೋಗು. ನೋಡೇಬಿಡೋಣ.”

ಇಬ್ಬರೂ ತಟ್ಟೆಗೆ ಬಗ್ಗಿದರು. ಕರೆದುಕೊಂಡು ಹೋಗುವ ಉದ್ದೇಶ ಒಬ್ಬನಿಗಿರಲಿಲ್ಲ, ಕಳಿಸುವ ಧೈರ್ಯ ಇನ್ನೊಬ್ಬನಿಗಿರಲಿಲ್ಲ. ಕೋಣೆಯ ಬಾಗಿಲು ತೆರೆದೇ ಇತ್ತು. ಸಾರು ಬಡಿಸುತ್ತಿದ್ದ ಫ್ಲಾರೆನ್ಸ್ ಸೌಟನ್ನು ಪಾತ್ರೆಯೊಳಗೆ ಬಿಟ್ಟು, “ಅವ್ರು ಕೇಳಿಸ್ಕೋತಿದಾರೆ,” ಎಂದಳು. “ಕಣ್ಣಿಲ್ಲ, ಕಿವಿ ಇದೆ. ಎಲ್ಲೂ ಹೋಗಲ್ಲ ಅವ್ರು. ಊಟ ಮಾಡಿ.”

ಆ ವಾರ ಅವಳು ಒಂದೊಂದಾಗಿ ಬಿಡುತ್ತ ಬಂದಳು. ಈ ಸಲ ಯಾರೂ ನೋಡಲು ಬರಲಿಲ್ಲ, ಹೊಗಳಲಿಲ್ಲ. ಮನೆಪಾಠದ ಮಕ್ಕಳನ್ನು ಬೇರೆ ಟೀಚರ ಹತ್ತಿರ ಕಳಿಸಿದಳು. ಗಾಯನ ತಂಡಕ್ಕೆ ಬರುವುದಿಲ್ಲ ಎಂದಳು. ಕೂಟದ ಪುಸ್ತಕ, ರಬ್ಬರ್ ಸ್ಟಾಂಪು, ಬೀಗದ ಕೈ ಎಲ್ಲವನ್ನೂ ಚೀಲಕ್ಕೆ ಹಾಕಿ ವಯೊಲೆಟ್ ಆಂಟಿಯ ಮನೆಗೆ ಕೊಟ್ಟು ಬಂದಳು. ಶಾಲೆಯಲ್ಲಿ ಸಂಬಳವಿಲ್ಲದ ರಜೆ ಕೇಳಿದಾಗ, ಜೂನ್‌ಗೆ ಕೆಲಸ ಇರುತ್ತದೆಂದು ಹೇಳಲಾಗದು ಎಂದರು. ಅವಳು ಆಯಿತು ಎಂದು ಬಂದಳು. ಬಿಟ್ಟದ್ದು ಅಷ್ಟಾದರೂ ಎದೆ ಹಗುರವಾಗಲಿಲ್ಲ. ಬೆಳಿಗ್ಗೆ ಎದ್ದರೆ ಮೂತ್ರದ ಪಾತ್ರೆ, ಬಿಸಿನೀರು, ಹಾಸಿಗೆಯ ಪ್ಲಾಸ್ಟಿಕ್ ಹಾಳೆ. ಬೆನ್ನಿನ ಹುಣ್ಣಿಗೆ ದಿನಕ್ಕೆರಡು ಸಲ ಪೌಡರು. ಮಗ್ಗುಲು ಹೊರಳಿಸುವಾಗ ಜೀವರತ್ನಮ್ಮ ಹಲ್ಲು ಕಚ್ಚಿ ಅವಳ ತೋಳಿಗೆ ಉಗುರು ಊರುತ್ತಿದ್ದರು. ಜ್ಞಾನರಾಜ ಶಿಫ್ಟಿಗೆ ಹೋಗುವ ಮೊದಲು ತಾಯಿಯ ಹಾಸಿಗೆ ಬಟ್ಟೆ ಒಗೆಯುವುದನ್ನು ಕಲಿತ. ಬೆನಿಟಾ ತಾಯಿಯ ಜೊತೆ ಮಾತಾಡುವುದನ್ನು ಬಿಟ್ಟಿದ್ದಳು. ಕೇಳಿದ್ದಕ್ಕೆ ಮಾತ್ರ ಉತ್ತರ.

ಅಯ್ಯನವರು ಪ್ರಾರ್ಥನೆಗೆ ಬಂದರು. ಮುಗಿಸಿ ಹೊರಡುವಾಗ ಫ್ಲಾರೆನ್ಸ್ ಬಾಗಿಲಲ್ಲಿ ತಡೆದು ಕೇಳಿದಳು.

“ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ಕೇಳ್ಕೊಳ್ಳಿ ಅಂದ್ರಿ. ಕೇಳ್ಕೊಂಡೆ ಅಯ್ಯನೋರೆ. ಒಂದೊಂದು ಸಾಮಾನನ್ನೂ ಕೈಲಿ ಹಿಡಿದು ಪ್ರಾರ್ಥನೆ ಮಾಡಿ ಕೊಟ್ಟೆ. ಎಲ್ಲಿ ತಪ್ಪಿದೆ ನಾನು?”

ಅಯ್ಯನವರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. ವಯಸ್ಸಾದ ಮನುಷ್ಯ.

“ಹದಿನೈದು ವರ್ಷದಿಂದ ನಾನು ಈ ಮನೆಗೆ ಬರ್ತಿದೀನಮ್ಮ. ಜೀವರತ್ನಮ್ಮನವರು ನನ್ನ ಸ್ವರ ಕೇಳಿದ ಮೇಲೆ ನನ್ನ ಕಡೆ ತಿರುಗೋರು. ಅದನ್ನ ನಾನೂ ನೋಡಿದೀನಿ. ಯಾಕೆ ಅಂತ ಕೇಳ್ಲಿಲ್ಲ,” ಎಂದರು. “ನೀವು ಸಾಮಾನನ್ನ ಕೇಳಿದ್ರಿ, ಅವ್ರನ್ನ ಕೇಳ್ಲಿಲ್ಲ. ನಾನು ಯಾರನ್ನೂ ಕೇಳ್ಲಿಲ್ಲ, ಪ್ರಸಂಗ ಮಾಡ್ದೆ. ಶುಕ್ರವಾರ ಬನ್ನಿ, ನಿಮ್ಮ ಮಾತು ಇದೆ.”

ಶುಭ ಶುಕ್ರವಾರ ಬೆಳಿಗ್ಗೆ ಫ್ಲಾರೆನ್ಸ್ ಬಿಳಿ ಸೀರೆ ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಿದ್ದಳು. ಮನೆಯಲ್ಲಿ ಎಲ್ಲರದೂ ಉಪವಾಸ, ಅಡಿಗೆ ಇರಲಿಲ್ಲ. ಅತ್ತೆಗೆ ಮಾತ್ರ ರಾಗಿ ಗಂಜಿ ಮಾಡಿ ಆರಿಸಿಟ್ಟಿದ್ದಳು. ಎರಡು ದಿನದಿಂದ ಜೀವರತ್ನಮ್ಮ ಏನು ಕೊಟ್ಟರೂ ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದರು. ಮೈ ಬಿಸಿಯಿತ್ತು. ಆ ದಿನವೂ ಗಂಜಿಯ ಚಮಚಕ್ಕೆ ಬಾಯಿ ಮುಚ್ಚಿಕೊಂಡರು.

“ಒಂದ್ ಗುಟುಕು ಅತ್ತೆ. ಮಾತ್ರೆ ಹಾಕ್ಬೇಕು.”

“ಬೇಡ.”

“ಮತ್ತೇನು ಬೇಕು? ಏನು ಬೇಕಾದ್ರೂ ಹೇಳಿ, ಮಾಡ್ಕೊಡ್ತೀನಿ.”

ಜೀವರತ್ನಮ್ಮ ಹೆಂಚಿನ ಕಡೆ ಮುಖ ತಿರುಗಿಸಿದರು. ಆಮೇಲೆ, ನಾಚಿಕೊಂಡವರ ಹಾಗೆ, “ಒಣಮೀನು,” ಎಂದರು. “ಬದನೆಕಾಯಿ ಹಾಕಿ, ಹುಣಸೆಹುಳಿ ಹಿಂಡಿ. ಗುಬ್ಬೀಲಿ ಮಾಡ್ತಿದ್ನಲ್ಲ, ಹಂಗೆ. ಇವತ್ತು ಯಾವ ದಿನ?”

“ಶುಕ್ರವಾರ.”

“ಯಾವ ಶುಕ್ರವಾರ?”

ಫ್ಲಾರೆನ್ಸ್ ಚಮಚವನ್ನು ಗಂಜಿಯ ಬಟ್ಟಲಿಗೆ ಇಳಿಸಿದಳು. ಜೀವರತ್ನಮ್ಮನಿಗೆ ಚರ್ಚಿನ ಗಂಟೆ ಕೇಳಿಸಿತು. “ಅಯ್ಯೋ. ಹಂಗಾದ್ರೆ ಬೇಡಮ್ಮ. ನಾಳೆ ನೋಡೋಣ. ನೀನು ಹೋಗು, ಜನ ಕಾಯ್ತಿರ್ತಾರೆ.”

ಫ್ಲಾರೆನ್ಸ್ ಹಜಾರಕ್ಕೆ ಬಂದು ನಿಂತಳು. ಜ್ಞಾನರಾಜ ಚರ್ಚಿಗೆ ಹೊರಡಲು ಕೂದಲು ಬಾಚುತ್ತಿದ್ದ.

“ಸಂತೆ ಬೀದೀಲಿ ಒಣಮೀನು ಸಿಗುತ್ತೇನ್ರೀ ಇವತ್ತು?”

“ಇವತ್ತಾ? ನಿಂಗೇನು ತಲೆ ಕೆಟ್ಟಿದ್ಯಾ? ಅಕ್ಕಪಕ್ಕ ಎಲ್ಲ ನಮ್ಮೋರೇ ಇದಾರೆ. ನೀನು ಅಲ್ಲಿ ಮಾತಾಡ್ಬೇಕು.”

“ನಾಳೆ ಅವ್ರು ಬಾಯಿ ತೆಗೀತಾರೆ ಅಂತ ಹೇಳೋರ್ಯಾರು? ಇವತ್ತು ತೆಗೆದಿದಾರೆ. ನೀವು ತರ್ತೀರಾ, ನಾನೇ ಹೋಗ್ಲಾ?”

ಬೆನಿಟಾ ಮೂಲೆಯಿಂದ ಎದ್ದಳು. “ನಾನು ತರ್ತೀನಿ ಮಮ್ಮಿ,” ಎಂದಳು. ಎರಡು ವಾರದಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದು. ಜ್ಞಾನರಾಜ ಬಾಚಣಿಗೆ ಕೆಳಗಿಟ್ಟು ಅಂಗಿ ಕಳಚಿ ಮೊಳೆಗೆ ತೂಗುಹಾಕಿ, ಬದನೆಕಾಯಿ ಎಲ್ಲಿದೆ ಎಂದು ಕೇಳಿದ.

ಎಣ್ಣೆಗೆ ಮೀನು ಬಿದ್ದ ಕೂಡಲೇ ವಾಸನೆ ಮನೆ ತುಂಬಿ ಗಲ್ಲಿಗೆ ಹೋಯಿತು. ಹಜಾರದಲ್ಲಿ ಅದನ್ನು ತಡೆಯುವುದೇನೂ ಇರಲಿಲ್ಲ. ಮೂರು ಗಂಟೆಯ ನಂತರ ಆರಾಧನೆ ಬಿಟ್ಟು ಬಿಳಿ ಸೀರೆಯ ಹೆಂಗಸರು ಗಲ್ಲಿಯಲ್ಲಿ ಬಂದರು. ವಯೊಲೆಟ್ ಆಂಟಿ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತರು.

“ಏನಿದು ಫ್ಲಾರೆನ್ಸ್? ನಿನ್ನ ಹೆಸರು ಕರೆದ್ರು. ಯಾರೂ ಎದ್ದೇಳ್ಲಿಲ್ಲ. ನಾವು ಅತ್ತೆಗೇ ಏನೋ ಆಯ್ತು ಅಂತ ಓಡಿ ಬಂದ್ರೆ, ಇವತ್ತಿನ ದಿನ ಮೀನಾ?”

“ಅತ್ತೆ ಕೇಳಿದ್ರು ಆಂಟಿ.”

“ಒಂದು ದಿನ ತಡೀಬಾರದಿತ್ತಾ? ದೇವರಿಗಿಂತ ಹೆಚ್ಚಾ ಇದು?”

“ಗೊತ್ತಿಲ್ಲ ಆಂಟಿ. ಆರಿಹೋಗುತ್ತೆ, ತಿನ್ನಿಸ್ಬೇಕು,” ಎಂದು ಫ್ಲಾರೆನ್ಸ್ ಒಳಗೆ ಹೋದಳು. ಆಂಟಿ ಮೆಟ್ಟಿಲಿಳಿದು ಹೋದರು.

ಅವಳು ಮುದ್ದೆ ಮುರಿದು, ಮೀನಿನ ಮುಳ್ಳನ್ನು ಒಂದೊಂದೇ ಬಿಡಿಸಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಜೀವರತ್ನಮ್ಮ ನಿಧಾನವಾಗಿ ನುಂಗಿದರು. ಇನ್ನೊಂದು ತುತ್ತು ತೆಗೆದುಕೊಂಡರು. ಹುಳಿ ಸ್ವಲ್ಪ ಕಮ್ಮಿ ಎಂದರು. ಬೆನಿಟಾ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಮೂರನೆಯ ತುತ್ತಿಗೆ ಜೀವರತ್ನಮ್ಮ ಬಾಯಿ ತೆರೆಯದೆ ಕೈ ಎತ್ತಿದರು. ಆ ಕೈ ಗಾಳಿಯಲ್ಲಿ ತಡಕಿ ಸೊಸೆಯ ಗಲ್ಲಕ್ಕೆ, ಅಲ್ಲಿಂದ ಕಿವಿಯ ಹತ್ತಿರ ಹೋಗಿ ನಿಂತಿತು.

“ನಿನ್ನ ಮುಖ ಸರಿಯಾಗಿ ಕಂಡು ಮೂರು ವರ್ಷದ ಮೇಲಾಯ್ತು ಫ್ಲಾರೆನ್ಸ್. ಕೂದ್ಲು ಬೆಳ್ಳಗಾಯ್ತಾ?”

“ಆಗಿದೆ ಅತ್ತೆ. ಇಲ್ಲೇ, ನೀವು ಮುಟ್ಟಿರೋ ಕಡೆ.”

“ಹೌದಾ,” ಎಂದರು ಜೀವರತ್ನಮ್ಮ. “ನನ್ನ ಕಣ್ಣಿಗೆ ಇನ್ನೂ ಕಪ್ಪಗೇ ಇತ್ತು ನೋಡು.”

ಕೈ ಇಳಿಸಿ, ಬಾಯಿ ತೆರೆದರು.